ಬೀಗದ ಕೈ ಕೊಡುವುದಿಲ್ಲ

ನಮ್ಮ ಬಡಾವಣೆಯ ಸಮುದಾಯ ಭವನದ ಹಿಂದುಗಡೆ ಒಂದು ಕೋಣೆ ಇದೆ. ಮುಂಚೆ ಅಲ್ಲಿ ಗಣಪತಿ ಹಬ್ಬದ ಶಾಮಿಯಾನದ ಗಳ, ಹರಿದ ಜಮಖಾನ, ಯಾರೋ ಬಿಟ್ಟುಹೋದ ಕೇರಂ ಬೋರ್ಡು ತುಂಬಿದ್ದವು. ಮೂರು ವರ್ಷದಿಂದ ಪ್ರತಿ ಗುರುವಾರ ಸಂಜೆ ಏಳಕ್ಕೆ ಅಲ್ಲಿ ಹತ್ತು ಹನ್ನೆರಡು ಜನ ಸೇರುತ್ತಾರೆ. ಒಂದೂವರೆ ಗಂಟೆ ಕೂತು ಮಾತಾಡಿ, ಟೀ ಕುಡಿದು, ಕುರ್ಚಿ ಮಡಚಿಟ್ಟು, ಲೈಟ್ ಆರಿಸಿ ಹೋಗುತ್ತಾರೆ. ಆಲ್ಕೋಹಾಲಿಕ್ಸ್ ಅನಾನಿಮಸ್, ಅವರ ಬಾಯಲ್ಲಿ ಬರೀ ಎ.ಎ. ಕುಡಿತ ಬಿಟ್ಟವರು, ಬಿಡಲು ಹೆಣಗುತ್ತಿರುವವರು. ಕೋಣೆಯ ಬೀಗದ ಕೈ ಇರುವುದು ನನ್ನ ಹತ್ತಿರ.

ಹೋದ ತಿಂಗಳು ನಿವಾಸಿಗಳ ಸಂಘಕ್ಕೆ ಮೂವತ್ತೇಳು ಸಹಿಗಳ ಮನವಿಯೊಂದು ಬಂದಿದೆ. ಕೋಣೆಯನ್ನು ಅವರಿಗೆ ಕೊಡಕೂಡದು, ಬೀಗದ ಕೈಯನ್ನು ಮೇಷ್ಟ್ರು ಸಂಘಕ್ಕೆ ಒಪ್ಪಿಸಬೇಕು ಎಂದು ಒಂಬತ್ತು ಕಾರಣ ಕೊಟ್ಟಿದ್ದಾರೆ. ಸಹಿ ಹಾಕಿದವರಲ್ಲಿ ಆರು ಜನ ನನ್ನ ಹಳೆಯ ವಿದ್ಯಾರ್ಥಿಗಳು. ಅಕ್ಷರ ಆಗಿನದಕ್ಕಿಂತ ಸುಧಾರಿಸಿಲ್ಲ. ಸಭೆಯಲ್ಲಿ ಕೂಗಾಡುವುದು ನನಗಾಗದು, ಆದ್ದರಿಂದ ಬರೆದೇ ಉತ್ತರಿಸುತ್ತಿದ್ದೇನೆ.

ಮೊದಲ ಕಾರಣ ಎಲ್ಲರ ಬಾಯಲ್ಲೂ ಇರುವಂಥದ್ದು: "ಬಿಡಬೇಕು ಅಂತ ಮನಸ್ಸಿದ್ದರೆ ಒಂದೇ ದಿನದಲ್ಲಿ ಬಿಡಬಹುದು. ಮನಸ್ಸಿಲ್ಲದವನಿಗೆ ಮೀಟಿಂಗ್ ಯಾಕೆ?"

ನನ್ನ ತಮ್ಮ ಒಂದೇ ದಿನದಲ್ಲಿ ಬಿಟ್ಟ. ಲೇತ್ ಮೆಷಿನ್ ಕೆಲಸದವನು, ಇಪ್ಪತ್ತು ವರ್ಷ ಕುಡಿದವನು. ಕೊನೆಕೊನೆಗೆ ಬೆಳಿಗ್ಗೆ ಒಂದು ನೈಂಟಿ ಒಳಗೆ ಹೋಗದಿದ್ದರೆ ಶರ್ಟಿನ ಗುಂಡಿ ಹಾಕಿಕೊಳ್ಳಲೂ ಆಗದಷ್ಟು ಕೈ ನಡುಗುತ್ತಿತ್ತು. ಅಪ್ಪನ ತಿಥಿಯ ದಿನ ಅಮ್ಮನ ತಲೆ ಮುಟ್ಟಿ ಆಣೆ ಮಾಡಿದ; ಆಮೇಲೆ ಹನಿ ಮುಟ್ಟಲಿಲ್ಲ. ಮನಸ್ಸು ಗಟ್ಟಿ ಅಂದರೆ ಇದೇ ತಾನೆ? ಮಾರನೆಯ ದಿನ ಬೆವರು, ವಾಂತಿ. ಮೂರನೆಯ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಗಾಳಿಯಲ್ಲಿ ಲೇತ್ ಓಡಿಸತೊಡಗಿದ. ಬಲಗೈಯಲ್ಲಿ ಇಲ್ಲದ ಹ್ಯಾಂಡಲ್ ತಿರುಗಿಸುವುದು, ಬಗ್ಗಿ ಕಣ್ಣಳತೆ ನೋಡುವುದು, ಮತ್ತೆ ತಿರುಗಿಸುವುದು. ನನ್ನನ್ನು ಹೆಲ್ಪರ್ ಹುಡುಗ ಅಂದುಕೊಂಡು "ಕೂಲಂಟ್ ಬಿಡೋ, ಕೂಲಂಟ್ ಬಿಡೋ" ಎಂದು ಗದರಿದ. ಗೋಡೆ ತುಂಬ ಇರುವೆ ಅಂದ. ಹೊದಿಕೆಯಿಂದ ಕಾಣದ ದಾರ ಎಳೆದೆಳೆದು ಕೆಳಗೆ ಹಾಕಿದ. ಗಾಳಿ ಸೋಕಿದೆ ಎಂದು ಪಕ್ಕದ ಮನೆಯವರು ತಾಯಿತ ತಂದರು. ಆಗಲೇ ಇಪ್ಪತ್ತೆರಡು ವರ್ಷ ವಿಜ್ಞಾನದ ಪಾಠ ಮಾಡಿದ್ದ ನಾನು ಅದನ್ನು ಅವನ ತೋಳಿಗೆ ಕಟ್ಟಿದೆ. ಬೆಳಗಿನ ಜಾವ ಫಿಟ್ಸ್ ಬಂತು. ಆಗ ಆಟೋ ಹುಡುಕಿಕೊಂಡು ಓಡಿದೆ.

ಅದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ ಎಂದು ಗೊತ್ತಾದದ್ದು ಆಸ್ಪತ್ರೆಯಲ್ಲಿ. ಮದ್ಯ ಮಿದುಳಿಗೆ ಬ್ರೇಕ್ ಹಾಕುತ್ತದೆ. ವರ್ಷಗಟ್ಟಲೆ ಬ್ರೇಕ್ ಬಿದ್ದೇ ಇದ್ದರೆ ಮಿದುಳು ಅದಕ್ಕೆ ಸರಿಸಮನಾಗಿ ಆಕ್ಸಿಲರೇಟರ್ ಒತ್ತಿ ಸರಿದೂಗಿಸಿಕೊಳ್ಳುತ್ತದೆ. ಒಂದು ದಿನ ಬ್ರೇಕನ್ನು ಮಾತ್ರ ಕಿತ್ತುಕೊಂಡರೆ ಗಾಡಿ ಎಲ್ಲಿಗೆ ಹೋಗುತ್ತದೆ? ಕೆಲವೇ ಗಂಟೆಗಳಲ್ಲಿ ನಡುಕ, ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಈ ಸನ್ನಿ. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಆದವರಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಲಿಬ್ರಿಯಮ್ಮಿನಂಥ ಮಾತ್ರೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ, ಥಯಾಮಿನ್ ಇಂಜೆಕ್ಷನ್ ಕೊಟ್ಟು ವೈದ್ಯರು ಅವನನ್ನು ಇಳಿಸಿಕೊಂಡರು. ಮನಸ್ಸು ಗಟ್ಟಿಯಿದ್ದದ್ದಕ್ಕೇ ಅವನು ಸಾಯುವ ಹತ್ತಿರ ಹೋಗಿದ್ದ. ಮನಸ್ಸು ಸಡಿಲ ಮಾಡಿ ಒಂದು ನೈಂಟಿ ಹಾಕಿದ್ದರೆ ಆ ರಾತ್ರಿ ಏನೂ ಆಗುತ್ತಿರಲಿಲ್ಲ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂದು ಮದ್ಯದಂಗಡಿ ಮುಚ್ಚಿದಾಗ ಇದೇ ಕಥೆ ಊರೂರಿನಲ್ಲಿ ನಡೆಯಿತು. ಕೇರಳ ಸರ್ಕಾರ ವೈದ್ಯರ ಚೀಟಿ ಇದ್ದವರಿಗೆ ಮದ್ಯ ಕೊಡುತ್ತೇವೆ ಎಂದು ಆದೇಶ ಹೊರಡಿಸಿತು, ಅಲ್ಲಿನ ಹೈಕೋರ್ಟು ಅದಕ್ಕೆ ತಡೆ ಹಾಕಿತು. ಬೆಂಗಳೂರಿನಲ್ಲಿ ಆ ದಿನಗಳಲ್ಲಿ ಬಂದ ಇಂಥ ತೀವ್ರ ಪ್ರಕರಣಗಳ ಬಗ್ಗೆ ನಿಮ್ಹಾನ್ಸ್ ವೈದ್ಯರು ಬರೆದಿದ್ದಾರೆ. ಮೇ 4ಕ್ಕೆ ನಮ್ಮ ರಾಜ್ಯದಲ್ಲಿ ಅಂಗಡಿ ತೆರೆದಾಗ ಆ ಉದ್ದನೆಯ ಸಾಲಿನ ಫೋಟೋ ಹಾಕಿ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಆ ಸಾಲಿನಲ್ಲಿ ಕೈ ನಡುಕ ನಿಲ್ಲಿಸಿಕೊಳ್ಳಲು ನಿಂತವರು ಎಷ್ಟು ಜನವೋ.

ಒಂದನ್ನು ನಾನಾಗಿಯೇ ಒಪ್ಪಿಬಿಡುತ್ತೇನೆ. ಗುರುವಾರದ ಮೀಟಿಂಗ್ ಇದಕ್ಕೆ ಮದ್ದಲ್ಲ. ಆ ಮೊದಲ ವಾರ ಆಸ್ಪತ್ರೆಯದು. ಎ.ಎ.ಯವರೇ ಎಷ್ಟೋ ಸಲ ಬಂದವನ ಕೈ ನೋಡಿ "ಮೊದಲು ಜಿಲ್ಲಾಸ್ಪತ್ರೆ, ಆಮೇಲೆ ಇಲ್ಲಿ" ಎಂದು ಕರೆದುಕೊಂಡು ಹೋಗಿದ್ದನ್ನು ಕಂಡಿದ್ದೇನೆ. ಆದರೆ ಆಸ್ಪತ್ರೆಯಿಂದ ಬಂದ ಮೇಲಿನ ಸಂಜೆಗಳಿವೆಯಲ್ಲ, ಆರು ಗಂಟೆಗೆ ಕೆಲಸ ಮುಗಿದು ಕಾಲು ತಾನಾಗಿ ಆ ಗಲ್ಲಿಗೆ ತಿರುಗುವ ಸಂಜೆಗಳು, ಅವಕ್ಕೆ ಮಾತ್ರೆ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿಗೆ ಜನ ಬೇಕು.

ಎರಡನೆಯ ಕಾರಣ ಓದಿ ನನಗೆ ತಲೆ ಎತ್ತಲಾಗಲಿಲ್ಲ. "ಮನೆಯವರೇ ಬಿಡಿಸಬಹುದು. ಸಾರಿನಲ್ಲಿ ಬೆರೆಸಿ ಕೊಡುವ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದಕ್ಕೂ ಬಗ್ಗದಿದ್ದರೆ ಕಟ್ಟಿಹಾಕಿ ನಾಲ್ಕು ಬಿಡುವ ಸೆಂಟರುಗಳಿವೆ."

ಆ ಮಾತ್ರೆ ತಂದುಕೊಟ್ಟವನು ನಾನೇ. ತಮ್ಮ ಆಸ್ಪತ್ರೆಯಿಂದ ಬಂದು ಐದು ತಿಂಗಳಿಗೆ ಮತ್ತೆ ಶುರು ಮಾಡಿದಾಗ, ಯಾರೋ ಹೇಳಿದರು ಎಂದು ಡೈಸಲ್ಫಿರಾಮ್ ಕೊಂಡು ಅಮ್ಮನ ಕೈಗಿಟ್ಟೆ. ಅಮ್ಮ ಅದನ್ನು ಕುಟ್ಟಿ ಹುಳಿಯಲ್ಲಿ ಕಲಸಿದಳು. ನಾಲ್ಕನೆಯ ದಿನ ಅವನು ಗೆಳೆಯನ ಮಗಳ ನಾಮಕರಣಕ್ಕೆ ಹೋಗಿ ಎರಡು ಪೆಗ್ ಹಾಕಿದ. ಕಾಲು ಗಂಟೆಯಲ್ಲಿ ಮುಖ ಕೆಂಪೇರಿ, ಎದೆ ಡವಡವ ಹೊಡೆದುಕೊಂಡು, ಬಿ.ಪಿ. ಇಳಿದು ಚೌಲ್ಟ್ರಿಯ ಕೈತೊಳೆಯುವ ಜಾಗದಲ್ಲಿ ಕುಸಿದ. ಈ ಔಷಧ ದೇಹದೊಳಗೆ ಮದ್ಯ ಕರಗುವ ದಾರಿಯನ್ನು ನಡುವೆಯೇ ಮುಚ್ಚುತ್ತದೆ. ಅರ್ಧ ಕರಗಿದ ವಿಷ ರಕ್ತದಲ್ಲಿ ನಿಲ್ಲುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿದಿರಬಹುದು. ರೋಗಿಗೆ ಗೊತ್ತಿದ್ದು, ಅವನು ಒಪ್ಪಿ, ಹೃದಯ ಲಿವರ್ ಪರೀಕ್ಷೆ ಮಾಡಿಸಿ ವೈದ್ಯರು ಕೊಟ್ಟರೆ ಅದು ಒಳ್ಳೆಯ ಔಷಧವೇ. ಕದ್ದು ಕೊಟ್ಟರೆ ವಿಷ ಹಾಕಿದ ಹಾಗೆ. ಅವನು ಬದುಕಿದ. ಆದರೆ ಒಂದು ವರ್ಷ ಅಮ್ಮನ ಕೈಯಲ್ಲಿ ಊಟ ಮಾಡಲಿಲ್ಲ. ತಟ್ಟೆ ತಾನೇ ತೊಳೆದು, ಪಾತ್ರೆಯಿಂದ ತಾನೇ ಬಡಿಸಿಕೊಳ್ಳುತ್ತಿದ್ದ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವಳು. ಸಹಿ ಹಾಕಿದ ಮೂವತ್ತೇಳು ಜನರಲ್ಲಿ ಯಾರಿಗಾದರೂ ಆ ಮಾತ್ರೆ ತರುವ ಯೋಚನೆ ಇದ್ದರೆ ಮೊದಲು ನಮ್ಮ ಮನೆಗೆ ಬಂದು ಹೋಗಿ.

ಕಟ್ಟಿಹಾಕುವ ಸೆಂಟರಿನ ವಿಷಯಕ್ಕೆ ಎರಡೇ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಆಗುವ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಅದೇ ಕಾಯ್ದೆ ರೋಗಿಯನ್ನು ಯಾವ ರೂಪದಲ್ಲೂ ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ.

ಮೂರನೆಯದು: "ಇದು ಅಮೆರಿಕದ ಕ್ರೈಸ್ತರ ಪದ್ಧತಿ. ನಮ್ಮಲ್ಲಿ ದೇವರಿಲ್ಲವೆ? ಮಾಲೆ ಹಾಕಿದರೆ ಸಾಕು."

ಅಮೆರಿಕದ್ದು, ಹೌದು. 1935ರಲ್ಲಿ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ಷೇರುಪೇಟೆಯ ಬಿಲ್ ವಿಲ್ಸನ್ ಎಂಬವನೂ ಬಾಬ್ ಸ್ಮಿತ್ ಎಂಬ ಸರ್ಜನ್ನನೂ ಭೇಟಿಯಾದರು. ಇಬ್ಬರೂ ಕುಡಿದು ಬದುಕು ಹಾಳುಮಾಡಿಕೊಂಡವರು. ವಿಲ್ಸನ್ ಬಿಟ್ಟು ಐದಾರು ತಿಂಗಳಾಗಿತ್ತು. ಹೋದ ವ್ಯವಹಾರ ಕೈಕೊಟ್ಟು, ಹೋಟೆಲಿನ ಬಾರಿನ ಸದ್ದು ಕೇಳುತ್ತಾ ನಿಂತವನಿಗೆ ಹೊಳೆದದ್ದು, ಇನ್ನೊಬ್ಬ ಕುಡುಕನ ಹತ್ತಿರ ಮಾತಾಡಬೇಕು, ಇಲ್ಲದಿದ್ದರೆ ನಾನು ಉಳಿಯುವುದಿಲ್ಲ ಎಂದು. ಎ.ಎ. ಹುಟ್ಟಿದ್ದು ಅಲ್ಲಿ. ಅದರಲ್ಲಿ ಧರ್ಮದ ವಾಸನೆ ಇದೆ ಎಂದರೆ ಅದೂ ಸುಳ್ಳಲ್ಲ, ಅವರ ಹನ್ನೆರಡು ಹೆಜ್ಜೆಗಳಲ್ಲಿ ದೇವರು ಬರುತ್ತಾನೆ. ಆದರೆ ಯಾವ ದೇವರು ಎಂಬುದನ್ನು ಅವರವರಿಗೇ ಬಿಟ್ಟಿದ್ದಾರೆ. ಭಾರತಕ್ಕೆ ಬಂದದ್ದು 1957ರಲ್ಲಿ. ನಮ್ಮ ಗುರುವಾರದ ಕೋಣೆಯಲ್ಲಿ ಒಬ್ಬರು ಯಡಿಯೂರು ಸಿದ್ಧಲಿಂಗೇಶ್ವರನ ಭಕ್ತರು, ಒಬ್ಬರು ಐದು ಹೊತ್ತು ನಮಾಜು ಮಾಡುವವರು, ಇನ್ನೊಬ್ಬರು ದೇವರೆಂದರೆ ಉರಿದುಬೀಳುವ ನಿವೃತ್ತ ಕಂಡಕ್ಟರು. "ನನಗೆ ಈ ಗುಂಪೇ ದೇವರು ಸಾರ್, ಯಾಕಂದ್ರೆ ಇದು ಫೋನ್ ಎತ್ತುತ್ತೆ" ಎಂದು ಅವರು ನನಗೆ ಹೇಳಿದ್ದುಂಟು.

ಮಾಲೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಅಯ್ಯಪ್ಪನ ಮಾಲೆ ಹಾಕಿದ ನಲವತ್ತೊಂದು ದಿನ ಗುಟುಕು ಮುಟ್ಟದ ಎಷ್ಟೋ ಜನ ನಮ್ಮ ಬೀದಿಯಲ್ಲೇ ಇದ್ದಾರೆ. ಅದು ಹೇಗೆ ಸಾಧ್ಯವಾಗುತ್ತದೆ ಎಂದು ನೋಡಿ. ಬೆಳಿಗ್ಗೆ ಎದ್ದ ತಕ್ಷಣ ತಣ್ಣೀರು ಸ್ನಾನ, ಸಂಜೆ ಭಜನೆ, ಜೊತೆಗೊಬ್ಬ ಗುರುಸ್ವಾಮಿ, ಊರೆಲ್ಲ "ಸ್ವಾಮಿ" ಎಂದು ಕರೆಯುವ ಮರ್ಯಾದೆ. ಇರುಮುಡಿ ಇಳಿಸಿದ ಮಾರನೆಯ ದಿನ ಇವೆಲ್ಲ ಒಟ್ಟಿಗೆ ಮಾಯ. ಸ್ವಾಮಿ ಮತ್ತೆ ಕುಡುಕ. ಮಾಲೆ ಕೊಡುವುದನ್ನೇ ಗುರುವಾರದ ಕೋಣೆಯೂ ಕೊಡುತ್ತದೆ. ಅಲ್ಲಿ ನಲವತ್ತೆರಡನೆಯ ದಿನವೂ ಇದೆ.

ಇನ್ನು ನಮ್ಮದೇ ಪದ್ಧತಿ ಬೇಕೆನ್ನುವವರಿಗೆ ಕೊರತೆಯೂ ಇಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಿನ ಕಲ್ಯಾಣಮಂಟಪಗಳಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಅದರಲ್ಲಿ ನನಗೆ ಹಿಡಿಸಿದ್ದು ಶಿಬಿರಕ್ಕಿಂತ ಆಮೇಲಿನ ನವಜೀವನ ಸಮಿತಿ; ಬಿಟ್ಟವರನ್ನೇ ಮತ್ತೆ ಮತ್ತೆ ಕೂಡಿಸುವ ಗುಂಪು. ಪುಣೆಯಲ್ಲಿ ಮರಾಠಿ ಲೇಖಕ ಅನಿಲ್ ಅವಚಟ್ ಮತ್ತು ಅವರ ಪತ್ನಿ, ಪು.ಲ. ದೇಶಪಾಂಡೆಯವರ ನೆರವಿನಿಂದ 1986ರಲ್ಲಿ ಮುಕ್ತಾಂಗಣ ತೆರೆದರು. ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಅವರು 1980ರಲ್ಲೇ ಆಸ್ಪತ್ರೆ ಶುರು ಮಾಡಿ, ಆಮೇಲೆ ಮಂಜಕ್ಕುಡಿ ಎಂಬ ಹಳ್ಳಿಗೆ ಶಿಬಿರವನ್ನೇ ಒಯ್ದರು. ದೇವರು, ಭಾಷೆ, ಹಾಡು ಬೇರೆ ಬೇರೆ. ಒಬ್ಬನನ್ನೇ ಬಿಡಬೇಡಿ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ.

"ಶಿಬಿರಕ್ಕೆ ಹೋಗಿ ಬಂದವನೂ ಮತ್ತೆ ಕುಡಿದ, ಆಸ್ಪತ್ರೆಗೆ ಹೋದವನೂ ಕುಡಿದ. ಇದೆಲ್ಲ ದಂಡ." ಇದು ನಾಲ್ಕನೆಯದು. ಅಮೆರಿಕದ ಸಂಶೋಧಕರ ಲೆಕ್ಕದಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ನಲವತ್ತರಿಂದ ಅರವತ್ತು ಜನ ಮತ್ತೆ ಜಾರುತ್ತಾರೆ. ಬಿ.ಪಿ., ಆಸ್ತಮಾ ಇರುವವರಲ್ಲಿ ಕಾಯಿಲೆ ಮರುಕಳಿಸುವುದು ಐವತ್ತರಿಂದ ಎಪ್ಪತ್ತು. ಮನವಿ ಬರೆದ ಮಹನೀಯರಿಗೆ ಸಕ್ಕರೆ ಕಾಯಿಲೆ ಇದೆ, ನನಗೆ ಗೊತ್ತು; ಯುಗಾದಿಗೆ ಮೂರು ಹೋಳಿಗೆ ತಿಂದು ಶುಗರ್ ಮುನ್ನೂರು ದಾಟಿದಾಗ ವೈದ್ಯರು ಅವರನ್ನು "ದಂಡ" ಎಂದು ಮನೆಗೆ ಕಳಿಸಲಿಲ್ಲ. ಮಾತ್ರೆ ಹೆಚ್ಚಿಸಿದರು. ನನ್ನ ತಮ್ಮ ಮೂರು ಸಲ ಜಾರಿದ. ಎ.ಎ.ಯವರು ಇದಕ್ಕೆ "ಸ್ಲಿಪ್" ಎನ್ನುತ್ತಾರೆ. ಮೂರು ಸಲವೂ ಅವನ ಆಗಿನ ಗುಂಪಿನವರು ಕೇಳಿದ್ದು ಒಂದೇ: "ಈ ವಾರ ಬರ್ತೀರಾ?" ನಾನಾದರೆ ಏನೇನು ಅಂದೆನೋ, ಬರೆಯುವಂಥದ್ದಲ್ಲ. ಈಗ ಅವನು ಬಿಟ್ಟು ಹನ್ನೊಂದು ವರ್ಷ. ಇಷ್ಟನ್ನೂ ಅವನ ಒಪ್ಪಿಗೆ ಪಡೆದೇ ಬರೆದಿದ್ದೇನೆ; ಇನ್ನೂ ಒಂದು ಪುಟ ಇತ್ತು, ಅವನು ಹೊಡೆದುಹಾಕಿದ.

ಐದನೆಯ ಕಾರಣ: ಬರೀ ಮಾತಿನಿಂದ ಏನಾಗುತ್ತದೆ? ಎ.ಎ.ಯಲ್ಲಿ ಹೊರಗಿನವರೂ ಕೂರಬಹುದಾದ ಓಪನ್ ಮೀಟಿಂಗ್ ಇರುತ್ತದೆ. ಅಂಥದ್ದೊಂದಕ್ಕೆ ಹೋಗಿದ್ದೆ. ಭಾಷಣವಿಲ್ಲ, ಬುದ್ಧಿವಾದವಿಲ್ಲ. ಒಬ್ಬೊಬ್ಬರೇ ಹೆಸರು ಹೇಳಿ, ನಾನೊಬ್ಬ ಮದ್ಯವ್ಯಸನಿ ಎಂದು ತಮ್ಮ ವಾರ ಹೇಗೆ ಹೋಯಿತು ಅಂತ ಹೇಳಿದರು. ನಡುವೆ ಯಾರೂ ಬಾಯಿ ಹಾಕಲಿಲ್ಲ. ಒಬ್ಬ ಹುಡುಗ, ಇಪ್ಪತ್ತೇಳು ಇಪ್ಪತ್ತೆಂಟಿರಬಹುದು, ಸಂಬಳದ ದಿನ ಬಾರಿನ ಎದುರಿನ ಬೇಕರಿಯಲ್ಲಿ ನಿಂತು ಮೂರು ದಿಲ್‌ಪಸಂದ್ ತಿಂದ ಕಥೆ ಹೇಳಿದ. ಒಂದು ಮುಗಿಸಿದ, ಕಾಲು ಆ ಕಡೆ ಎಳೆಯಿತು, ಇನ್ನೊಂದು ತೆಗೆದುಕೊಂಡ. ಮೂರನೆಯದರ ಹೊತ್ತಿಗೆ ಇಲ್ಲಿಯ ಒಬ್ಬರಿಗೆ ಫೋನ್ ಮಾಡಿದ. ಅವರು ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋದರು. ಎಲ್ಲರೂ ನಕ್ಕರು. ಅವನೂ ನಕ್ಕ. ನಾನು ನಕ್ಕಿದ್ದರೆ ಅವನಿಗೆ ಅವಮಾನವಾಗುತ್ತಿತ್ತು. ಆ ಬೇಕರಿಯಲ್ಲಿ ತಾವೂ ನಿಂತವರು ನಕ್ಕಾಗ ಆಗಲಿಲ್ಲ. ಇಷ್ಟು ಸಾಲದೆ ಸಾಕ್ಷಿ ಬೇಕೆಂದರೆ, ಕಾಕ್ರನ್ ಸಂಸ್ಥೆಯ 2020ರ ಪರಾಮರ್ಶೆ ಇದೆ. 27 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಜನ. ಎ.ಎ. ಕಡೆಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ವರ್ಷದ ಕೊನೆಗೂ ಪೂರ್ತಿ ಬಿಟ್ಟೇ ಇದ್ದವರು ನೂರಕ್ಕೆ 42, ಬೇರೆ ಚಿಕಿತ್ಸೆಗಳಲ್ಲಿ 35. ಪವಾಡವೇನಲ್ಲ. ಆದರೆ ದುಡ್ಡು ಕೇಳದ ಒಂದು ಕೋಣೆ ಇಷ್ಟು ಮಾಡಿದರೆ ಸಣ್ಣದೂ ಅಲ್ಲ.

ಆರನೆಯ ಮಾತಿನಲ್ಲಿ ನ್ಯಾಯವಿದೆ: ಮೊದಲು ಮದ್ಯದಂಗಡಿ ಮುಚ್ಚಿಸಿ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಹೆಣ್ಣುಮಕ್ಕಳು ಇದನ್ನೇ ಕೇಳಿದ್ದರು. ನಮ್ಮೂರಿನ ಹೆದ್ದಾರಿಯಲ್ಲಿ ಅವರು ಹೋಗುವಾಗ ನೀರಿನ ಬಾಟಲಿ ಕೊಡಲು ನಾನೂ ನಿಂತಿದ್ದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿದ್ದ ಸರ್ಕಾರಕ್ಕೆ ಆ ಕೂಗು ಎಷ್ಟು ಕೇಳಿಸೀತು ಎನ್ನುವುದು ಬೇರೆ ಮಾತು. ಆದರೆ 2007ರ ಜುಲೈ 1ಕ್ಕೆ ಸಾರಾಯಿ ನಿಂತಾಗ ಏನಾಯಿತು? ಪ್ಯಾಕೆಟ್ ಹೋಗಿ ಅಗ್ಗದ ವಿಸ್ಕಿ ಬಂತು. ನನ್ನ ತಮ್ಮ ಒಂದು ವಾರ ಬೈದುಕೊಂಡು ಅದಕ್ಕೆ ಹೊಂದಿಕೊಂಡ. ಹುಟ್ಟಿದಾಗಿನಿಂದ ಪಾನನಿಷೇಧವಿರುವ ಗುಜರಾತಿನ ಬೊಟಾದ್ ಕಡೆ 2022ರಲ್ಲಿ ಕಳ್ಳಭಟ್ಟಿ ಕುಡಿದು ಹತ್ತಾರು ಜನ ಸತ್ತರು. ಅಂಗಡಿ ಮುಚ್ಚಿಸುವ ಹೋರಾಟ ಮಾಡಿ, ನಾನೂ ಬರುತ್ತೇನೆ. ಅದು ಮುಗಿಯುವವರೆಗೆ ಕೋಣೆಗೆ ಬೀಗ ಹಾಕಿ ಎನ್ನುವುದು ಮಾತ್ರ, ಸೊಳ್ಳೆ ನಿರ್ಮೂಲ ಆಗುವವರೆಗೆ ಡೆಂಗಿ ವಾರ್ಡು ಮುಚ್ಚಿ ಎಂದ ಹಾಗೆ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್‌ನವರು ಮಾಡಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ನೆರವು ಸಿಕ್ಕಿದೆ. ಮನವಿಗೆ ಸಹಿ ಹಾಕಿದವರು ಮೂವತ್ತೇಳು, ನನ್ನನ್ನು ಸೇರಿಸಿದರೆ ಮೂವತ್ತೆಂಟು. ಲೆಕ್ಕ ನೀವೇ ಹಾಕಿಕೊಳ್ಳಿ.

"ಹೆಸರು ಮುಚ್ಚಿಡುವವರು ಯಾರೋ ಏನೋ" ಎಂಬುದು ಏಳನೆಯದು. ಈ ಊರಿನಲ್ಲಿ ಕುಡಿದು ಮೋರಿಗೆ ಬಿದ್ದದ್ದು ಗೊತ್ತಾದರೆ ನಾಲ್ಕು ದಿನ ನಗುತ್ತಾರೆ, ಮರೆಯುತ್ತಾರೆ. ಬಿಡಲು ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದಾನೆ ಎಂದು ಗೊತ್ತಾದರೆ ಹುಡುಗಿಯ ಮನೆಯವರು ಸಂಬಂಧ ಬೇಡ ಎನ್ನುತ್ತಾರೆ, ಸಾಹುಕಾರ ಕೆಲಸದಿಂದ ತೆಗೆಯುತ್ತಾನೆ. ಕುಡುಕನನ್ನು ನಾವು ಮುದ್ದು ಮಾಡುತ್ತಲೇ ಬಂದಿದ್ದೇವೆ, ನಾಟಕದಲ್ಲಿ, ಸಿನಿಮಾದಲ್ಲಿ. ಹೆಂಡ ಮುಟ್ಟದ ರಾಜರತ್ನಂ ಅವರೇ ಎಂಡ್ಕುಡ್ಕ ರತ್ನನ ಬಾಯಲ್ಲಿ ಪದ ಕಟ್ಟಿದರು, ನಾನೂ ತರಗತಿಯಲ್ಲಿ ಹಾಡಿಸಿದ್ದೇನೆ. ಬಿಟ್ಟವನ ಪದ ಯಾರೂ ಹಾಡುವುದಿಲ್ಲ. ಅವನಿಗೆ ಹೆಸರು ಮುಚ್ಚಿಕೊಳ್ಳುವ ಒಂದೂವರೆ ಗಂಟೆಯನ್ನಾದರೂ ಬಿಡಿ.

ಎಂಟನೆಯದರಲ್ಲಿ ಎರಡು ಸೇರಿವೆ: ಹೆಣ್ಣುಮಕ್ಕಳು ಓಡಾಡುವ ಜಾಗ, ಮತ್ತು ಪುಕ್ಕಟೆ ಕರೆಂಟು. ಕರೆಂಟಿನದು ಸುಳ್ಳು. ಪುಕ್ಕಟೆ ಕೊಡುತ್ತೇನೆಂದರೂ ಅವರು ಒಪ್ಪಲಿಲ್ಲ. ತಮ್ಮ ಖರ್ಚು ತಾವೇ ನೋಡಿಕೊಳ್ಳಬೇಕೆಂಬುದು ಅವರ ನಿಯಮ. ವಾರಕ್ಕೆ ನೂರೈವತ್ತು ರೂಪಾಯಿಯ ರಸೀದಿಗಳು ಸಂಘದ ಖಜಾಂಚಿಯ ಹತ್ತಿರವೇ ಇವೆ. ನಾನೊಮ್ಮೆ ಅವರ ಚೀಲಕ್ಕೆ ಐನೂರು ಹಾಕಹೋದರೆ, ನೀವು ಮೆಂಬರ್ ಅಲ್ಲ ಮೇಷ್ಟ್ರೇ ಎಂದು ವಾಪಸ್ ಕೊಟ್ಟರು. ಹೆಣ್ಣುಮಕ್ಕಳ ವಿಷಯ ತೆಗೆದದ್ದು ಒಳ್ಳೆಯದಾಯಿತು. ಮೂರು ವರ್ಷದಲ್ಲಿ ಒಬ್ಬಾಕೆ ಆ ಮೀಟಿಂಗಿಗೆ ಬಂದರು, ಕುಡಿತ ಬಿಡಲು. ಎರಡು ವಾರ ಬಂದರು. ಎರಡನೆಯ ವಾರ ಭವನದ ಮುಂದಿನ ಕಟ್ಟೆಯಲ್ಲಿ ಕೂತಿದ್ದವರು ಅವರನ್ನು ಹೇಗೆ ನೋಡಿದರು, ಏನು ಅಂದರು ಎಂಬುದನ್ನು ನಾನು ಬೀಗ ಹಾಕುತ್ತಾ ಕೇಳಿಸಿಕೊಂಡೆ. ಅವರಲ್ಲಿ ಇಬ್ಬರ ಸಹಿ ಈ ಮನವಿಯಲ್ಲಿದೆ. ಆಕೆ ಆಮೇಲೆ ಬರಲಿಲ್ಲ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಇನ್ನೊಂದು ಗುಂಪಿದೆ, 1951ರಿಂದ. ತಮ್ಮನ ಹೆಂಡತಿಗೆ ಅದು ಸಿಕ್ಕಿದ್ದು ಬೆಂಗಳೂರಿನಲ್ಲಿ. ಇಲ್ಲೂ ಶುರು ಮಾಡಲು ಅವಳಿಗೆ ಮನಸ್ಸಿದೆ. ಕೋಣೆ ಮಂಗಳವಾರ ಖಾಲಿಯಿದೆ, ಅದನ್ನೂ ಈಗಲೇ ತಿಳಿಸಿಬಿಡುತ್ತೇನೆ.

ಮನವಿಯ ಕೊನೆಯಲ್ಲಿ "ಇಂಥವರಿಗೆ ಸರ್ಕಾರ ಬೇರೆ ವ್ಯವಸ್ಥೆ ಮಾಡಿದೆ" ಎಂದಿದೆ. ಮಾಡಿದೆ. ಮಾದಕ ವ್ಯಸನಕ್ಕೆ 14446, ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮಾನಸ್‌ನ 14416, ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರು. ಈ ಎರಡು ನಂಬರನ್ನು ಭವನದ ಬಾಗಿಲಿಗೆ ನಾನೇ ಅಂಟಿಸಿದ್ದೆ. ಯಾರೋ ಕಿತ್ತುಹಾಕಿದ್ದಾರೆ. ಮತ್ತೆ ಅಂಟಿಸಿದ್ದೇನೆ, ಈ ಸಲ ಫೆವಿಕಾಲ್ ಹಾಕಿ.

ಉಳಿದದ್ದು ಒಂಬತ್ತನೆಯದು. ಗುರುವಾರ ಸಂಜೆ ಅವರ ಸ್ಕೂಟರುಗಳು ಭವನದ ಗೇಟಿಗೆ ಅಡ್ಡ ನಿಲ್ಲುತ್ತವೆ, ಪಕ್ಕದ ಮನೆಯ ಕಾರು ಹೊರಗೆ ತೆಗೆಯಲಾಗುವುದಿಲ್ಲ. ಇದು ನಿಜ. ನಾನೇ ಎರಡು ಸಲ ನೋಡಿದ್ದೇನೆ. ಅವರಿಗೆ ಹೇಳಿದ್ದೇನೆ, ಬರುವ ಗುರುವಾರದಿಂದ ಹೊಂಗೆ ಮರದ ಆಚೆ ನಿಲ್ಲಿಸುತ್ತಾರೆ.